ಸೂತ್ರದ ನಡುವಿನ ಆ ಚುಕ್ಕಿ: ಹರಳಿನೊಳಗಿನ ನೀರನ್ನು ಓದುವ, ಎಣಿಸುವ, ಅಳೆಯುವ ಬಗೆ

ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಒಂದು ಹರಳನ್ನು ಬಿಳಿ ಹಾಳೆಯ ಮೇಲೆ ಇಟ್ಟು ನೋಡಿ. ಕಡುನೀಲಿ ಬಣ್ಣ, ಚೂಪು ಅಂಚು. ಹಾಳೆಗೆ ಒಂಚೂರೂ ತೇವ ಹತ್ತುವುದಿಲ್ಲ. ಯಾರನ್ನು ಕೇಳಿದರೂ ಅದು ಒಣ ಹರಳು ಅಂತಲೇ ಹೇಳುತ್ತಾರೆ. ಆದರೆ ಅದರ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನೀರೇ ಇದೆ.

ಈ ನೀರಿಗೆ ಸ್ಫಟಿಕ ಜಲ ಎನ್ನುತ್ತಾರೆ. ಸ್ಫಟಿಕೀಕರಣದ ನೀರು ಅಂತಲೂ ಪುಸ್ತಕಗಳಲ್ಲಿ ಕಾಣುತ್ತೀರಿ. ನಾನು ಸುಮ್ನೆ ಹರಳಿನ ನೀರು ಅಂತ ಕರೆಯುತ್ತೇನೆ. ಲವಣವೊಂದು ದ್ರಾವಣದಿಂದ ಹರಳುಗಟ್ಟುವಾಗ ಕೆಲವು ನೀರಿನ ಅಣುಗಳನ್ನೂ ಜೊತೆಗೇ ಕಟ್ಟಿಕೊಳ್ಳುತ್ತದೆ. ಎಷ್ಟು ಅಂದರೆ ಅಷ್ಟಲ್ಲ, ಲೆಕ್ಕವಿಟ್ಟು. ಆ ಲೆಕ್ಕವೇ ಸೂತ್ರದಲ್ಲಿ ಒಂದು ಚುಕ್ಕಿಯ ನಂತರ ಬರುತ್ತದೆ.

ಪಾಠ ಮಾಡುವಾಗ ನಾನು ಮತ್ತೆ ಮತ್ತೆ ಕಂಡದ್ದು ಇದು: ಮಕ್ಕಳು ಸೂತ್ರವನ್ನು ಬಾಯಿಪಾಠ ಮಾಡಿರುತ್ತಾರೆ, ಆದರೆ ಚುಕ್ಕಿಯನ್ನು ಓದಿರುವುದಿಲ್ಲ. ಹಾಗಾಗಿ ಲೆಕ್ಕವೂ ತಪ್ಪುತ್ತದೆ, ಪ್ರಯೋಗವೂ ತಪ್ಪುತ್ತದೆ. ಈ ಬರಹ ಪೂರ್ತಿ ಆ ಚುಕ್ಕಿಯ ಬಗ್ಗೆ.

ಒಂದು ಸೂಚನೆ. ಸೂತ್ರಗಳನ್ನು ಬಾಯಿಬಿಟ್ಟು ಓದುವ ಹಾಗೆಯೇ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಸಿಯು ಅಂದರೆ ತಾಮ್ರ, ಎಸ್ ಅಂದರೆ ಗಂಧಕ, ಒ ಅಂದರೆ ಆಕ್ಸಿಜನ್, ಎಚ್ ಅಂದರೆ ಹೈಡ್ರೋಜನ್. ಎಚ್₂ಒ ನೀರು ಅಂತ ಬೇರೆ ಹೇಳಬೇಕಿಲ್ಲ.

ಮೊದಲು ಕಣ್ಣಾರೆ ನೋಡಿ

ಲೆಕ್ಕಕ್ಕೆ ಇಳಿಯುವ ಮುಂಚೆ ಒಂದು ಪ್ರಯೋಗ. ಪ್ರಯೋಗಾಲಯದಲ್ಲಿ, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಿ. ಮೈಲುತುತ್ತ ವಿಷ, ಬರಿಗೈಯಲ್ಲಿ ಮುಟ್ಟಬೇಡಿ.

ಒಣಗಿದ ಗಟ್ಟಿ ಟೆಸ್ಟ್ ಟ್ಯೂಬಿಗೆ ಅರ್ಧ ಚಮಚ ಹರಳು ಹಾಕಿ. ಟ್ಯೂಬನ್ನು ಇಕ್ಕಳದಲ್ಲಿ ಹಿಡಿದು, ಬಾಯಿ ತುಸು ಕೆಳಗೆ ಬಾಗಿರುವಂತೆ ಓರೆ ಮಾಡಿ. ಈ ಓರೆ ತುಂಬ ಮುಖ್ಯ. ಹೊರಬಂದ ಆವಿ ಬಾಯಿಯ ಹತ್ತಿರ ತಣ್ಣಗಾಗಿ ಹನಿಯಾಗುತ್ತದೆ. ಆ ಹನಿ ಹಿಂದಕ್ಕೆ ಹರಿದು ಕಾದ ತಳಕ್ಕೆ ತಾಗಿದರೆ ಗಾಜು ಸಿಡಿಯುತ್ತದೆ.

ಈಗ ಸಣ್ಣ ಉರಿಯಲ್ಲಿ, ಟ್ಯೂಬನ್ನು ಆಡಿಸುತ್ತಾ ಕಾಯಿಸಿ. ಮೊದಲು ಗಾಜಿಗೆ ಅಂಟಿಕೊಂಡ ಹರಳುಗಳ ಅಂಚು ಬಿಳಿಚುತ್ತದೆ. ಸಣ್ಣಗೆ ಚಟಪಟ ಸದ್ದು ಕೇಳುತ್ತದೆ. ಟ್ಯೂಬಿನ ಬಾಯಿಯ ಒಳಗೋಡೆಗೆ ಮಂಜು ಕವಿಯುತ್ತದೆ, ಮಂಜು ಕೂಡಿ ಹನಿಯಾಗುತ್ತದೆ. ನೀಲಿ ಮಾಸುತ್ತಾ ಹೋಗಿ ಕೊನೆಗೆ ಉಳಿಯುವುದು ಬೂದು ಬೆರೆತ ಬಿಳಿ ಪುಡಿ. ಅಲ್ಲಿಗೆ ನಿಲ್ಲಿಸಿ. ಇನ್ನೂ ಜೋರಾಗಿ ಕಾಯಿಸುತ್ತಾ ಹೋದರೆ ಸಲ್ಫೇಟೇ ಒಡೆದು ಪುಡಿ ಕಪ್ಪಾಗುತ್ತದೆ.

ಪೂರ್ತಿ ತಣ್ಣಗಾದ ಮೇಲೆ ಎರಡು ಹನಿ ನೀರು ಬಿಡಿ. ಸುಯ್ಯೆಂದು ಸದ್ದು ಬರುತ್ತದೆ, ನೀರು ಬಿದ್ದ ಜಾಗ ತಕ್ಷಣ ನೀಲಿಯಾಗುತ್ತದೆ. ತಳವನ್ನು ಹೊರಗಿನಿಂದ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಹೊರಗಟ್ಟಲು ನೀವು ಶಾಖ ಕೊಟ್ಟಿರಿ; ಮರಳಿ ಬಂದಾಗ ಆ ನೀರು ಶಾಖ ಬಿಟ್ಟುಕೊಡುತ್ತದೆ. ಇದು ಬರೀ ಒದ್ದೆಯಾಗಿದ್ದರೆ ಬಣ್ಣವೂ ಹೋಗುತ್ತಿರಲಿಲ್ಲ, ಬಿಸಿಯೂ ಹುಟ್ಟುತ್ತಿರಲಿಲ್ಲ. ಅಂದರೆ ಈ ನೀರು ಹರಳಿನ ಕಟ್ಟಡದ ಒಂದು ಭಾಗ.

ನೀರು ಕಳೆದುಕೊಂಡ ಬಿಳಿ ಪುಡಿಗೆ ನಿರ್ಜಲ ಲವಣ ಎನ್ನುತ್ತಾರೆ. ನೀರಿನ ಸುಳಿವನ್ನು ಹಿಡಿಯಲು ಇದೇ ಪುಡಿಯನ್ನು ಬಳಸುತ್ತಾರೆ. ಒಂದು ದ್ರವದಲ್ಲಿ ನೀರು ಬೆರೆತಿದೆಯೇ ಅಂತ ತಿಳಿಯಬೇಕಾದರೆ ಒಂದು ಚಿಟಿಕೆ ಹಾಕಿದರೆ ಸಾಕು, ನೀಲಿ ತಿರುಗಿದರೆ ನೀರಿದೆ.

ಹಂತ 1: ಚುಕ್ಕಿಯನ್ನು ಓದುವುದು

ಮೈಲುತುತ್ತದ ಸೂತ್ರ: ಸಿಯುಎಸ್ಒ₄·5ಎಚ್₂ಒ

ಚುಕ್ಕಿಯ ಎಡಕ್ಕೆ ಲವಣ, ಬಲಕ್ಕೆ ನೀರು. ನೀರಿನ ಮುಂದಿನ 5 ಹೇಳುವುದು ಇಷ್ಟೆ: ತಾಮ್ರದ ಸಲ್ಫೇಟಿನ ಒಂದು ಸೂತ್ರ ಘಟಕಕ್ಕೆ ಐದು ನೀರಿನ ಅಣುಗಳು ಜೊತೆಯಾಗಿವೆ. ಆ 5 ಇಡೀ ಎಚ್₂ಒಗೆ ಸೇರಿದ್ದು, ಬರೀ ಎಚ್‌ಗೆ ಅಲ್ಲ. ಎಡಗಡೆಯ ಲವಣಕ್ಕಂತೂ ಅದು ಸೇರುವುದೇ ಇಲ್ಲ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಈ ಚುಕ್ಕಿ ಗುಣಾಕಾರದ ಚಿಹ್ನೆ ಅಲ್ಲ. ಗಣಿತದಲ್ಲಿ ನಡುಚುಕ್ಕಿಯನ್ನು ಗುಣಾಕಾರಕ್ಕೆ ಬಳಸಿ ರೂಢಿಯಾದವರು ಇಲ್ಲೂ ಹಾಗೇ ಮಾಡಿಬಿಡುತ್ತಾರೆ. 159.5ನ್ನು 90ರಿಂದ ಗುಣಿಸಿ 14,355 ಅಂತ ಉತ್ತರ ಬರೆದ ಹಾಳೆಗಳನ್ನು ನಾನು ತಿದ್ದಿದ್ದೇನೆ. ತಪ್ಪು ಮಗುವಿನದಲ್ಲ, ಚುಕ್ಕಿಯನ್ನು ಯಾರೂ ವಿವರಿಸಿರಲಿಲ್ಲ. ಇಲ್ಲಿ ಚುಕ್ಕಿಯನ್ನು "ಜೊತೆಗೆ" ಅಂತ ಓದಿ. ತೂಕದ ಲೆಕ್ಕದಲ್ಲಿ ಅದು ಕೂಡಿಸುವ ಚಿಹ್ನೆ.

ಪರಮಾಣುಗಳನ್ನು ಎಣಿಸಿ ನೋಡೋಣ. ತಾಮ್ರ 1, ಗಂಧಕ 1. ಆಕ್ಸಿಜನ್ ಸಲ್ಫೇಟಿನಿಂದ 4, ನೀರಿನಿಂದ 5, ಒಟ್ಟು 9. ಹೈಡ್ರೋಜನ್ ಐದೆರಡಲ ಹತ್ತು. ಎಲ್ಲ ಸೇರಿ 21. ಆಕ್ಸಿಜನ್ ಎರಡು ಕಡೆ ಇದೆ ಅನ್ನುವುದು ಮರೆಯುವ ಜಾಗ, ಅಲ್ಲಿ ಒಂದು ಕಣ್ಣಿಡಿ.

ಹಂತ 2: ಹೆಸರಿನಲ್ಲೇ ಲೆಕ್ಕ

ಹೆಸರು ಹೇಳುವಾಗ ನೀರಿನ ಸಂಖ್ಯೆಗೆ ಒಂದು ಪೂರ್ವಪದ ಸೇರಿಸಿ, ಕೊನೆಗೆ ಹೈಡ್ರೇಟ್ ಅನ್ನಬೇಕು. ಒಂದಕ್ಕೆ ಮೊನೊ, ಎರಡಕ್ಕೆ ಡೈ, ಮೂರಕ್ಕೆ ಟ್ರೈ, ನಾಲ್ಕಕ್ಕೆ ಟೆಟ್ರಾ, ಐದಕ್ಕೆ ಪೆಂಟಾ, ಆರಕ್ಕೆ ಹೆಕ್ಸಾ, ಏಳಕ್ಕೆ ಹೆಪ್ಟಾ, ಹತ್ತಕ್ಕೆ ಡೆಕಾ, ಹನ್ನೆರಡಕ್ಕೆ ಡೊಡೆಕಾ. ಅರ್ಧಕ್ಕೆ ಹೆಮಿ. ಮೈಲುತುತ್ತ ಕಾಪರ್ ಸಲ್ಫೇಟ್ ಪೆಂಟಾಹೈಡ್ರೇಟ್. ಅನ್ನಭೇದಿ ಫೆರಸ್ ಸಲ್ಫೇಟ್ ಹೆಪ್ಟಾಹೈಡ್ರೇಟ್. ವಾಷಿಂಗ್ ಸೋಡಾ ಸೋಡಿಯಂ ಕಾರ್ಬೊನೇಟ್ ಡೆಕಾಹೈಡ್ರೇಟ್. ಇಷ್ಟು ತಿಳಿದರೆ ಹೆಸರಿನಿಂದ ಸೂತ್ರಕ್ಕೂ ಸೂತ್ರದಿಂದ ಹೆಸರಿಗೂ ಸಲೀಸಾಗಿ ಓಡಾಡಬಹುದು.

ಹಂತ 3: ಸೂತ್ರದ ತೂಕ ಹಾಕುವುದು

ಎರಡು ಭಾಗಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಕೊನೆಗೆ ಕೂಡಿಸಿ. ಒಂದೇ ಸಾಲಿನಲ್ಲಿ ಎಲ್ಲವನ್ನೂ ಕೂಡಲು ಹೋಗಬೇಡಿ.

ತಾಮ್ರ 63.5, ಗಂಧಕ 32, ಆಕ್ಸಿಜನ್ ನಾಲ್ಕು 64. ಲವಣದ ಭಾಗ 159.5.
ಒಂದು ನೀರು 18, ಐದಕ್ಕೆ 90.
ಒಟ್ಟು 249.5.

ಈ ಮೂರು ಸಂಖ್ಯೆಗಳನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಮೈಲುತುತ್ತದ ಮುಂದಿನ ಪ್ರತಿಯೊಂದು ಲೆಕ್ಕವೂ ಈ ಮೂರರಲ್ಲಿ ಎರಡನ್ನು ಹಿಡಿದುಕೊಂಡೇ ನಡೆಯುತ್ತದೆ.

ನೀರು ಶೇಕಡಾ ಎಷ್ಟು ಅಂದರೆ 90ನ್ನು 249.5ರಿಂದ ಭಾಗಿಸಿ 100ರಿಂದ ಗುಣಿಸಿ. 36.07 ಬರುತ್ತದೆ. ಮೊದಲಿಗೆ ನಾನು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅಂದದ್ದು ಇದನ್ನೇ.

ಇದೇ ರೀತಿ ಉಳಿದವನ್ನೂ ಹಾಕಿದರೆ ಹೀಗೆ ಬರುತ್ತದೆ (ಸಿಎ ಅಂದರೆ ಕ್ಯಾಲ್ಸಿಯಂ, ಎಫ್ಇ ಕಬ್ಬಿಣ, ಕೆ ಪೊಟ್ಯಾಸಿಯಂ, ಎಎಲ್ ಅಲ್ಯೂಮಿನಿಯಂ, ಎಂಜಿ ಮೆಗ್ನೀಸಿಯಂ, ಎನ್ಎ ಸೋಡಿಯಂ, ಸಿ ಇಂಗಾಲ):

ಜಿಪ್ಸಮ್, ಸಿಎಎಸ್ಒ₄·2ಎಚ್₂ಒ: ಒಟ್ಟು 172, ನೀರು ಶೇ 20.9
ಅನ್ನಭೇದಿ, ಎಫ್ಇಎಸ್ಒ₄·7ಎಚ್₂ಒ: ಒಟ್ಟು 278, ನೀರು ಶೇ 45.3
ಪಟಿಕ, ಕೆಎಎಲ್(ಎಸ್ಒ₄)₂·12ಎಚ್₂ಒ: ಒಟ್ಟು 474, ನೀರು ಶೇ 45.6
ಎಪ್ಸಮ್ ಲವಣ, ಎಂಜಿಎಸ್ಒ₄·7ಎಚ್₂ಒ: ಒಟ್ಟು 246, ನೀರು ಶೇ 51.2
ವಾಷಿಂಗ್ ಸೋಡಾ, ಎನ್ಎ₂ಸಿಒ₃·10ಎಚ್₂ಒ: ಒಟ್ಟು 286, ನೀರು ಶೇ 62.9

ಕೊನೆಯ ಸಾಲನ್ನು ಇನ್ನೊಮ್ಮೆ ನೋಡಿ. ವಾಷಿಂಗ್ ಸೋಡಾದ ಗಟ್ಟಿ ಹರಳಿನಲ್ಲಿ ಸೋಡಾಕ್ಕಿಂತ ನೀರೇ ಜಾಸ್ತಿ! ಜಿಪ್ಸಮ್ಮಿನಲ್ಲಿ ಐದನೇ ಒಂದು ಭಾಗ ನೀರು. ಮೆಕ್ಸಿಕೋದ ನೈಕಾ ಗಣಿಯಲ್ಲಿ ನೆಲದಿಂದ ಸುಮಾರು 300 ಮೀಟರ್ ಆಳದ ಒಂದು ಗುಹೆಯಲ್ಲಿ, 2000ನೇ ಇಸವಿಯಲ್ಲಿ, ಮರದ ದಿಮ್ಮಿಗಳ ಹಾಗೆ ಅಡ್ಡಾದಿಡ್ಡಿ ಬಿದ್ದ ಜಿಪ್ಸಮ್ ಹರಳುಗಳು ಕಂಡವು. ಕೆಲವು 11 ಮೀಟರ್‌ಗೂ ಉದ್ದ. ಆ ಕಂಬಗಳ ತೂಕದಲ್ಲೂ ಐದನೇ ಒಂದು ಪಾಲು ನೀರೇ. ಹರಳು ಚಿಕ್ಕದಿರಲಿ ದೊಡ್ಡದಿರಲಿ, ಪ್ರಮಾಣ ಬದಲಾಗುವುದಿಲ್ಲ.

ಪಟಿಕದ ಬಗ್ಗೆ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಕೆಲವು ಪುಸ್ತಕಗಳಲ್ಲಿ ಅದನ್ನು ಕೆ₂ಎಸ್ಒ₄·ಎಎಲ್₂(ಎಸ್ಒ₄)₃·24ಎಚ್₂ಒ ಅಂತ ಬರೆದಿರುತ್ತಾರೆ. ಒಂದರಲ್ಲಿ 12, ಇನ್ನೊಂದರಲ್ಲಿ 24 ಯಾಕೆ ಅಂತ ಹೆದರಬೇಡಿ. ಎರಡನೆಯದು ಮೊದಲನೆಯದರ ಎರಡರಷ್ಟು. ತೂಕವೂ 948, ಅಂದರೆ 474ರ ಎರಡರಷ್ಟು. ನೀರಿನ ಶೇಕಡಾ ಎರಡರಲ್ಲೂ ಒಂದೇ.

ಹಂತ 4: ತಿಳಿಯದ ಸಂಖ್ಯೆಯನ್ನು ಕಂಡುಹಿಡಿಯುವುದು

ಇದು ಈ ವಿಷಯದ ಹೃದಯ. ಸೂತ್ರದಲ್ಲಿ ನೀರಿನ ಮುಂದೆ ಎಷ್ಟು ಅಂತ ಗೊತ್ತಿಲ್ಲ, ಅದನ್ನು ಎಕ್ಸ್ ಅಂದುಕೊಳ್ಳೋಣ. ತಕ್ಕಡಿ, ಮೂಸೆ, ಬರ್ನರ್ ಇದ್ದರೆ ನೀವೇ ಕಂಡುಹಿಡಿಯಬಹುದು. ಎಪ್ಸಮ್ ಲವಣವನ್ನು ತೆಗೆದುಕೊಳ್ಳೋಣ.

ಮೊದಲು ಖಾಲಿ ಮೂಸೆಯನ್ನು ಮುಚ್ಚಳದ ಸಮೇತ ಕೆಂಪಗಾಗುವವರೆಗೆ ಕಾಯಿಸಿ, ತಣ್ಣಗಾಗಿಸಿ, ತೂಗಿ. ಖಾಲಿ ಮೂಸೆಯನ್ನು ಯಾಕೆ ಕಾಯಿಸಬೇಕು ಅಂದರೆ, ಪಿಂಗಾಣಿಯ ಮೇಲೆಯೂ ತೇವ ಕೂತಿರುತ್ತದೆ. ಅದು ಆಮೇಲೆ ಹೋದರೆ ಹರಳಿನ ನೀರಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಖಾಲಿ ಮೂಸೆ ಮತ್ತು ಮುಚ್ಚಳ: 21.30 ಗ್ರಾಂ
ಲವಣ ಹಾಕಿದ ಮೇಲೆ: 23.76 ಗ್ರಾಂ
ಹಾಗಾದರೆ ಲವಣ: 2.46 ಗ್ರಾಂ

ಮುಚ್ಚಳವನ್ನು ತುಸು ಸರಿಸಿ, ಆವಿ ಹೋಗಲು ಸಂದು ಬಿಟ್ಟು, ಐದು ನಿಮಿಷ ಸಣ್ಣ ಉರಿ, ಆಮೇಲೆ ಹತ್ತು ನಿಮಿಷ ಜೋರು ಉರಿ. ಶುರುವಿನಲ್ಲೇ ಜೋರು ಮಾಡಿದರೆ ಆವಿ ನುಗ್ಗಿ ಪುಡಿಯನ್ನೂ ಹೊರಗೆ ಚಿಮ್ಮಿಸುತ್ತದೆ. ಆಮೇಲೆ ಮೂಸೆಯನ್ನು ಡೆಸಿಕೇಟರ್ (ಒಳಗಿನ ಗಾಳಿಯನ್ನು ಒಣದಾಗಿ ಇಡುವ ಮುಚ್ಚಿದ ಪಾತ್ರೆ) ಒಳಗಿಟ್ಟು ಪೂರ್ತಿ ತಣ್ಣಗಾಗಲು ಬಿಡಿ. ಬಯಲಲ್ಲಿ ಇಟ್ಟರೆ ಪುಡಿ ಗಾಳಿಯ ತೇವವನ್ನು ಮತ್ತೆ ಹೀರಲು ತೊಡಗುತ್ತದೆ.

ಮೊದಲ ಸಲ ಕಾಯಿಸಿದ ಮೇಲೆ ತೂಗಿದರೆ 22.53 ಬಂತು ಅಂದುಕೊಳ್ಳಿ. ಉಳಿದ ಪುಡಿ 1.23, ಹೋದ ನೀರು 1.23. ಇಲ್ಲೇ ಲೆಕ್ಕ ಹಾಕಿದರೆ ಎಕ್ಸ್ ಸುಮಾರು 6.67 ಬರುತ್ತದೆ. ಇದನ್ನೇ 7 ಅಂತ ದುಂಡಗೆ ಮಾಡಿ ಮುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಮಾಡಬೇಡಿ. ಉತ್ತರ ಮೊದಲೇ ಗೊತ್ತಿರುವುದರಿಂದ ತಾನೇ ನಾವು 7 ಅನ್ನುವುದು? ಗೊತ್ತಿಲ್ಲದ ಲವಣವಾಗಿದ್ದರೆ ಆರೂವರೆಯೇ, ಏಳೇ ಅಂತ ಹೇಗೆ ಹೇಳುತ್ತೀರಿ?

ಮತ್ತೆ ಕಾಯಿಸಿ, ತಣ್ಣಗಾಗಿಸಿ, ತೂಗಿ. ಎರಡನೇ ಸಲ 22.50. ಮೂರನೇ ಸಲವೂ 22.50. ತೂಕ ಇಳಿಯುವುದು ನಿಂತಿತು. ಈಗ ನೀರು ಪೂರ್ತಿ ಹೋಗಿದೆ ಅನ್ನಲು ಆಧಾರ ಸಿಕ್ಕಿತು. ಇದನ್ನೇ ಸ್ಥಿರ ತೂಕಕ್ಕೆ ತರುವುದು ಎನ್ನುತ್ತಾರೆ. ಎಪ್ಸಮ್ ಲವಣದ ಕೊನೆಯ ಒಂದು ನೀರು ಬಹಳ ಬಿಗಿಯಾಗಿ ಕೂತಿರುತ್ತದೆ. 200 ಡಿಗ್ರಿ ಸೆಲ್ಸಿಯಸ್‌ಗಿಂತ ಸಾಕಷ್ಟು ಮೇಲೆ ಹೋಗದೆ ಅದು ಬಿಡುವುದಿಲ್ಲ. ಹಾಗಾಗಿ ಇಲ್ಲಿ ತಾಳ್ಮೆ ಬೇಕು.

ಈಗ ಲೆಕ್ಕ. ಗ್ರಾಂ ತೂಕವನ್ನು ಸೂತ್ರದ ತೂಕದಿಂದ ಭಾಗಿಸಿದರೆ ಬರುವುದು ಮೋಲ್, ಅಂದರೆ ಅಣುಗಳ ಎಣಿಕೆಯ ಅಳತೆ. ನಿರ್ಜಲ ಎಂಜಿಎಸ್ಒ₄ ಸೂತ್ರದ ತೂಕ 24, 32, 64 ಸೇರಿ 120. ಉಳಿದ ನಿರ್ಜಲ ಲವಣ 22.50 ಕಳೆ 21.30, ಅಂದರೆ 1.20 ಗ್ರಾಂ. ಹೋದ ನೀರು 23.76 ಕಳೆ 22.50, ಅಂದರೆ 1.26 ಗ್ರಾಂ.

ನಿರ್ಜಲ ಲವಣದ ಮೋಲ್: 1.20 ÷ 120 = 0.01
ನೀರಿನ ಮೋಲ್: 1.26 ÷ 18 = 0.07
ಎಕ್ಸ್ = 0.07 ÷ 0.01 = 7

ಒಂದು ಕಡೆ ಎಚ್ಚರ. ಲವಣದ ಮೋಲ್ ತೆಗೆಯುವಾಗ 246ರಿಂದ ಭಾಗಿಸಬಾರದು, 120ರಿಂದಲೇ ಭಾಗಿಸಬೇಕು. ಮೂಸೆಯಲ್ಲಿ ಈಗ ಉಳಿದಿರುವುದು ನೀರಿಲ್ಲದ ಲವಣ ಅಲ್ವಾ? ಜೊತೆಗೆ, ಎರಡು ತೂಕಗಳ ಅನುಪಾತವನ್ನು ನೇರವಾಗಿ ತೆಗೆಯಬಾರದು. 1.26ನ್ನು 1.20ರಿಂದ ಭಾಗಿಸಿದರೆ 1.05 ಬರುತ್ತದೆ, ಅದಕ್ಕೆ ಏನೂ ಅರ್ಥವಿಲ್ಲ. ಸೂತ್ರ ಎಣಿಸುವುದು ಅಣುಗಳನ್ನು, ಗ್ರಾಂಗಳನ್ನಲ್ಲ.

ಉತ್ತರ ತಪ್ಪಿದರೆ ಅದು ಯಾವ ಕಡೆಗೆ ತಪ್ಪಿದೆ ಅನ್ನುವುದೇ ಕಾರಣವನ್ನು ಹೇಳುತ್ತದೆ. ಎಕ್ಸ್ ಕಡಿಮೆ ಬಂದರೆ ನೀರು ಪೂರ್ತಿ ಹೋಗಿಲ್ಲ, ಅಥವಾ ತಣ್ಣಗಾಗುವಾಗ ತೇವ ಹೀರಿದೆ. ಜಾಸ್ತಿ ಬಂದರೆ ಹಲವು ದಾರಿಗಳಿವೆ: ಪುಡಿ ಚಿಮ್ಮಿರಬಹುದು, ಹರಳು ಮೊದಲೇ ಒದ್ದೆ ಇದ್ದಿರಬಹುದು, ಲವಣವೇ ಒಡೆದಿರಬಹುದು. ಇನ್ನೊಂದು ಸೂಕ್ಷ್ಮ ಕಾರಣ, ಬಿಸಿ ಮೂಸೆಯನ್ನೇ ತೂಗಿರುವುದು. ಬಿಸಿ ಮೂಸೆಯ ಸುತ್ತ ಗಾಳಿ ಮೇಲಕ್ಕೇಳುತ್ತಾ ಅದನ್ನು ತುಸು ಎತ್ತುತ್ತದೆ, ತಕ್ಕಡಿ ಕಡಿಮೆ ತೂಕ ತೋರಿಸುತ್ತದೆ.

ಎಲ್ಲ ಹೈಡ್ರೇಟುಗಳೂ ಈ ವಿಧಾನಕ್ಕೆ ಒಗ್ಗುವುದಿಲ್ಲ. ಅನ್ನಭೇದಿಯನ್ನು ಕಾಯಿಸಿದರೆ ಹಸಿರು ಹೋಗಿ ಬಿಳಿಯಾಗುತ್ತದೆ, ಆದರೆ ಉರಿ ಜಾಸ್ತಿಯಾದರೆ ಕಂದುಗೆಂಪು ಫೆರಿಕ್ ಆಕ್ಸೈಡ್ ಉಳಿದು ಘಾಟು ಅನಿಲ ಏಳುತ್ತದೆ. ಗಂಧಕ ಸುಟ್ಟಂಥ ಆ ವಾಸನೆ ಬಂದರೆ ಪ್ರಯೋಗ ಕೆಟ್ಟಿತು ಅಂತಲೇ ಅರ್ಥ. ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟನ್ನು ಬರೀ ಕಾಯಿಸಿ ಒಣಗಿಸಲು ಆಗುವುದೇ ಇಲ್ಲ. ಅದರ ನೀರು ಅದರ ಕ್ಲೋರೈಡಿನ ಮೇಲೆಯೇ ಎರಗಿ ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬೀಳುತ್ತದೆ.

ಹಂತ 5: ದ್ರಾವಣಕ್ಕೆ ತೂಗುವಾಗ

ಒಮ್ಮೆ ನಾನು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಒಂದು ಇಡೀ ತರಗತಿಯ ಫಲಿತಾಂಶ ಒಂದೇ ಥರ ತಪ್ಪಿತು. ಎಲ್ಲರ ಉತ್ತರವೂ ಮೂರನೇ ಒಂದು ಭಾಗದಷ್ಟು ಕಡಿಮೆ. ಬೀಕರು, ಬ್ಯುರೆಟ್ಟು ಎಲ್ಲ ತೊಳೆದು ಮತ್ತೆ ಮಾಡಿದೆವು, ಅದೇ ಕಥೆ. ಕೊನೆಗೆ ದ್ರಾವಣ ತಯಾರಿಸಿದ ಚೀಟಿ ತೆಗೆದು ನೋಡಿದರೆ ಕಾರಣ ಅಲ್ಲೇ ಇತ್ತು. 0.1 ಮೋಲಾರ್ (ಲೀಟರಿಗೆ 0.1 ಮೋಲ್) ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಲೀಟರಿಗೆ 15.95 ಗ್ರಾಂ ತೂಗಿದ್ದರು. ಲೆಕ್ಕ ನಿರ್ಜಲ ಲವಣದ್ದು, ಹಾಕಿದ್ದು ನೀಲಿ ಹರಳು.

ಹರಳಿಗೆ ಬೇಕಾದದ್ದು 24.95 ಗ್ರಾಂ. 15.95 ಗ್ರಾಂ ಹರಳಿನಲ್ಲಿ ಇರುವುದು ಬರೀ 0.064 ಮೋಲ್. ಹರಳಿನಲ್ಲಿ ನೀರು ಎಷ್ಟು ಶೇಕಡಾ ಇತ್ತೋ, ದ್ರಾವಣ ಅಷ್ಟೇ ಶೇಕಡಾ ಸಪ್ಪೆಯಾಗಿತ್ತು.

ಅಂದಿನಿಂದ ನನ್ನ ರೂಢಿ ಇದು. ತಕ್ಕಡಿಯ ಹತ್ತಿರ ಹೋಗುವ ಮುಂಚೆ ಬಾಟಲಿಯ ಲೇಬಲ್ ಓದುತ್ತೇನೆ. ಹೆಸರನ್ನಲ್ಲ, ಸೂತ್ರವನ್ನು. ಚುಕ್ಕಿ ಇದೆಯೇ, ಇದ್ದರೆ ಎಷ್ಟು ನೀರು, ಕೆಳಗೆ ಮುದ್ರಿಸಿರುವ ಅಣುತೂಕ ಎಷ್ಟು. ಸೋಡಿಯಂ ಕಾರ್ಬೊನೇಟ್ ನಿರ್ಜಲವಾಗಿಯೂ ಸಿಗುತ್ತದೆ, ಮೊನೊಹೈಡ್ರೇಟ್ ಆಗಿಯೂ, ಡೆಕಾಹೈಡ್ರೇಟ್ ಆಗಿಯೂ. ತೂಕ ಕ್ರಮವಾಗಿ 106, 124, 286. ಮೂರರಲ್ಲಿ ಯಾವುದು ಕೈಯಲ್ಲಿದೆ ಅಂತ ನೋಡದೆ ತೂಗಿದರೆ ಎರಡೂವರೆ ಪಟ್ಟಿಗೂ ಮೀರಿ ತಪ್ಪಬಹುದು.

ನಿರ್ಜಲ ಲವಣಕ್ಕೆ ಹಾಕಿದ ಲೆಕ್ಕವನ್ನು ಹೈಡ್ರೇಟಿಗೆ ಬದಲಿಸುವುದು ಸುಲಭ. ಬೇಕಾದ ನಿರ್ಜಲ ಲವಣದ ತೂಕವನ್ನು ಹೈಡ್ರೇಟಿನ ಸೂತ್ರತೂಕದಿಂದ ಗುಣಿಸಿ, ನಿರ್ಜಲದ ಸೂತ್ರತೂಕದಿಂದ ಭಾಗಿಸಿ.

ದ್ರಾವಣ ಯಾವ ಬಗೆಯದು ಅನ್ನುವುದೂ ಮುಖ್ಯ. ಮೋಲಾರ್ ದ್ರಾವಣವಾದರೆ ಹರಳನ್ನು ಕರಗಿಸಿ ಫ್ಲಾಸ್ಕಿನ ಗೆರೆಯವರೆಗೆ ನೀರು ತುಂಬುತ್ತೇವೆ. ಹರಳಿನಿಂದ ಬಂದ ನೀರೂ ಆ ಗೆರೆಯ ಒಳಗೇ ಸೇರಿಹೋಗುತ್ತದೆ, ಬೇರೆ ಚಿಂತೆ ಬೇಡ. ಆದರೆ ತೂಕದ ಶೇಕಡಾ ಲೆಕ್ಕದಲ್ಲಿ ಹಾಗಲ್ಲ. 100 ಗ್ರಾಂ ದ್ರಾವಣದಲ್ಲಿ 10 ಗ್ರಾಂ ತಾಮ್ರದ ಸಲ್ಫೇಟ್ ಇರಬೇಕು ಅಂದುಕೊಳ್ಳಿ. ಹರಳು ಬೇಕಾಗುವುದು 10 × 249.5 ÷ 159.5, ಅಂದರೆ 15.64 ಗ್ರಾಂ. ಆಗ ನೀರು 90 ಗ್ರಾಂ ಹಾಕಬಾರದು, 84.36 ಗ್ರಾಂ ಸಾಕು. ಉಳಿದ 5.64 ಗ್ರಾಂ ನೀರನ್ನು ಹರಳೇ ತಂದಿರುತ್ತದೆ.

ಹಂತ 6: ಚುಕ್ಕಿಯ ಹಿಂದೆ ಏನಿದೆ

ಇಲ್ಲಿಯವರೆಗೆ ಚುಕ್ಕಿಯನ್ನು ಲೆಕ್ಕಕ್ಕೆ ಬಳಸಿದೆವು. ಈಗ ಅದು ಮುಚ್ಚಿಡುವ ವಿಷಯ. ಐದು ನೀರು ಅಂದಾಗ ಐದೂ ಒಂದೇ ಥರ ಕೂತಿವೆ ಅನ್ನಿಸುತ್ತದೆ. ಹಾಗಿಲ್ಲ.

1934ರಲ್ಲಿ ಬೀವರ್ಸ್ ಮತ್ತು ಲಿಪ್ಸನ್ ಎಂಬ ಇಬ್ಬರು ಎಕ್ಸ್-ಕಿರಣ ಹಾಯಿಸಿ ಮೈಲುತುತ್ತದ ಹರಳಿನ ಒಳರಚನೆಯನ್ನು ಬಿಡಿಸಿದರು. ಕಂಡದ್ದು ಹೀಗೆ. ಪ್ರತಿ ತಾಮ್ರದ ಅಯಾನಿನ (ವಿದ್ಯುದಾವೇಶ ಹೊತ್ತ ಕಣದ) ಸುತ್ತ ನಾಲ್ಕು ನೀರಿನ ಅಣುಗಳು ಚೌಕದ ನಾಲ್ಕು ಮೂಲೆಗಳ ಹಾಗೆ ಕೂತಿವೆ. ಮೇಲೆ ಒಂದು, ಕೆಳಗೆ ಒಂದು, ತುಸು ದೂರದಲ್ಲಿ ಸಲ್ಫೇಟಿನ ಆಕ್ಸಿಜನ್ನುಗಳಿವೆ. ಐದನೇ ನೀರು ತಾಮ್ರವನ್ನು ಮುಟ್ಟುವುದೇ ಇಲ್ಲ. ಅದು ಹೈಡ್ರೋಜನ್ ಬಂಧಗಳಿಂದ ಸಲ್ಫೇಟುಗಳ ನಡುವೆ ಸಿಕ್ಕಿಕೊಂಡಿದೆ. ಹಾಗಾಗಿ ಸೂತ್ರವನ್ನು [ಸಿಯು(ಎಚ್₂ಒ)₄]ಎಸ್ಒ₄·ಎಚ್₂ಒ ಅಂತ ಬರೆಯುವುದು ನಿಜಕ್ಕೆ ಹತ್ತಿರ.

ಕಾಯಿಸುವಾಗ ನೀರು ಒಮ್ಮೆಲೇ ಹೋಗದಿರುವುದಕ್ಕೂ ಇದೇ ಕಾರಣ. ಮೆಲ್ಲಗೆ ಬಿಸಿ ಏರಿಸಿದರೆ ಐದು ಮೂರಾಗುತ್ತದೆ, ಮೂರು ಒಂದಾಗುತ್ತದೆ. ಕೊನೆಯದು 200 ಡಿಗ್ರಿಯ ಆಸುಪಾಸಿಗೆ ಹೋಗದೆ ಬಿಡುವುದಿಲ್ಲ. ನೀರು 100 ಡಿಗ್ರಿಗೆ ಕುದಿಯುತ್ತದೆ, ಹಾಗಾಗಿ ಹರಳಿನ ನೀರೂ 100ಕ್ಕೆ ಹೋಗಬೇಕು ಅನ್ನುವ ಎಣಿಕೆ ಇಲ್ಲಿ ನಡೆಯುವುದಿಲ್ಲ. ಎಷ್ಟು ಬಿಗಿಯಾಗಿ ಕಟ್ಟಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಏಳು ನೀರಿನ ಸಲ್ಫೇಟುಗಳಲ್ಲೂ ಇದೇ ನೋಟ. ಅನ್ನಭೇದಿಯಲ್ಲಿ ಕಬ್ಬಿಣದ ಸುತ್ತ ಆರು ನೀರು, ಹೊರಗೆ ಒಂದು. ಎಪ್ಸಮ್ ಲವಣದಲ್ಲಿ ಮೆಗ್ನೀಸಿಯಂ ಸುತ್ತ ಆರು, ಹೊರಗೆ ಒಂದು. ಪಟಿಕದ ಹನ್ನೆರಡರಲ್ಲಿ ಆರು ಅಲ್ಯೂಮಿನಿಯಂ ಸುತ್ತ, ಆರು ಪೊಟ್ಯಾಸಿಯಂ ಸುತ್ತ.

ಚುಕ್ಕಿ ಎಷ್ಟು ಮುಚ್ಚಿಡಬಲ್ಲದು ಅನ್ನುವುದಕ್ಕೆ ಕ್ರೋಮಿಯಂ ಕ್ಲೋರೈಡಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸಿಆರ್ಸಿಎಲ್₃·6ಎಚ್₂ಒ ಎಂಬ ಒಂದೇ ಸೂತ್ರಕ್ಕೆ ಬೇರೆ ಬೇರೆ ಬಣ್ಣದ ಹರಳುಗಳಿವೆ. ನೇರಳೆ ಬಣ್ಣದ್ದರಲ್ಲಿ ಆರೂ ನೀರು ಕ್ರೋಮಿಯಮ್ಮಿಗೆ ಅಂಟಿವೆ, ಮೂರೂ ಕ್ಲೋರೈಡ್ ಹೊರಗಿವೆ. ತಿಳಿ ನೀಲಿಹಸಿರಿನದರಲ್ಲಿ ಐದು ನೀರು, ಒಂದು ಕ್ಲೋರೈಡ್ ಒಳಗೆ. ಒಂದು ನೀರು ಹೊರಗೆ. ಕಡುಹಸಿರಿನದರಲ್ಲಿ ನಾಲ್ಕು ನೀರು, ಎರಡು ಕ್ಲೋರೈಡ್ ಒಳಗೆ. ಎರಡು ನೀರು ಹೊರಗೆ. ತೂಕ ಮೂರಕ್ಕೂ ಒಂದೇ, ತಕ್ಕಡಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆಗಷ್ಟೇ ಕರಗಿಸಿದ ದ್ರಾವಣಕ್ಕೆ ಸಿಲ್ವರ್ ನೈಟ್ರೇಟ್ ಹಾಕಿದರೆ ತಿಳಿಯುತ್ತದೆ. ಹೊರಗಿರುವ ಕ್ಲೋರೈಡ್ ಮಾತ್ರ ತಕ್ಷಣ ಬಿಳಿ ಒತ್ತರವಾಗಿ ಕೂರುತ್ತದೆ. ಒಂದು ಮೋಲ್ ಲವಣಕ್ಕೆ ನೇರಳೆ ಮೂರು ಮೋಲ್ ಒತ್ತರ ಕೊಟ್ಟರೆ, ತಿಳಿ ನೀಲಿಹಸಿರಿನದು ಎರಡು, ಕಡುಹಸಿರು ಒಂದು. ಇಂಥ ಸಂಯುಕ್ತಗಳ ರಚನೆಯನ್ನು ಬಿಡಿಸಿದ ಆಲ್ಫ್ರೆಡ್ ವರ್ನರ್ ಅವರಿಗೆ 1913ರಲ್ಲಿ ನೊಬೆಲ್ ಬಂತು.

ಅರ್ಧ ನೀರು ಅಂದರೇನು?

ಜಿಪ್ಸಮ್ಮನ್ನು 100 ಡಿಗ್ರಿಗಿಂತ ತುಸು ಮೇಲೆ ಹದವಾಗಿ ಕಾಯಿಸಿದರೆ ಎರಡು ನೀರಿನಲ್ಲಿ ಒಂದೂವರೆ ಹೋಗುತ್ತದೆ. ಉಳಿಯುವುದು ಸಿಎಎಸ್ಒ₄·½ಎಚ್₂ಒ. ಇದೇ ಪ್ಲಾಸ್ಟರ್ ಆಫ್ ಪ್ಯಾರಿಸ್. ಪ್ಯಾರಿಸ್ ಸುತ್ತಮುತ್ತ ಜಿಪ್ಸಮ್ ಧಾರಾಳವಾಗಿ ಸಿಗುತ್ತಿದ್ದುದರಿಂದ ಬಂದ ಹೆಸರು.

ನೀರಿನ ಅಣುವನ್ನು ಅರ್ಧ ಕತ್ತರಿಸಲು ಆಗುವುದಿಲ್ಲ. ಅರ್ಧ ಅಂದರೆ ಎರಡು ಕ್ಯಾಲ್ಸಿಯಂ ಸಲ್ಫೇಟ್ ಘಟಕಗಳ ಪಾಲಿಗೆ ಒಂದು ನೀರು. ಸೂತ್ರ ಅನುಪಾತ ಹೇಳುತ್ತದೆ, ತುಂಡು ಹೇಳುವುದಿಲ್ಲ. ಬೇಕಿದ್ದರೆ 2ಸಿಎಎಸ್ಒ₄·ಎಚ್₂ಒ ಅಂತ ಬರೆದುಕೊಳ್ಳಿ, ಎರಡೂ ಒಂದೇ. ಈ ಪುಡಿಯ 145 ಗ್ರಾಂಗೆ 27 ಗ್ರಾಂ ನೀರು ಸೇರಿದರೆ ಮತ್ತೆ 172 ಗ್ರಾಂ ಜಿಪ್ಸಮ್ ಆಗುತ್ತದೆ. ಕಲಸಿದ ಪ್ಲಾಸ್ಟರ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರನ್ನು ಹರಳಿನೊಳಗೆ ಕಟ್ಟಿಕೊಂಡು. ಆಗ ಅದು ಬೆಚ್ಚಗಾಗುವುದೂ ಮೈಲುತುತ್ತದಲ್ಲಿ ಕಂಡ ಅದೇ ಕಾರಣಕ್ಕೆ.

ಹಂತ 7: ಹರಳು ಗಾಳಿಗೆ ಬಿದ್ದಾಗ

ಬಾಟಲಿಯ ಲೇಬಲ್ ನಿಜ ಹೇಳುವುದು ಮುಚ್ಚಳ ಭದ್ರವಾಗಿರುವವರೆಗೆ ಮಾತ್ರ. ಹರಳಿನ ನೀರಿಗೂ ಆವಿಯಾಗುವ ಒತ್ತಡ ಇರುತ್ತದೆ. ಆ ಒತ್ತಡ ಗಾಳಿಯಲ್ಲಿರುವ ನೀರಾವಿಯ ಒತ್ತಡಕ್ಕಿಂತ ಜಾಸ್ತಿ ಇದ್ದರೆ ಹರಳು ತಾನಾಗಿಯೇ ನೀರು ಬಿಡುತ್ತದೆ. ವಾಷಿಂಗ್ ಸೋಡಾದ ಕನ್ನಡಿಯಂಥ ಹರಳು ದಿನ ಕಳೆದಂತೆ ಮಂಕಾಗಿ, ಮೇಲೆಲ್ಲ ಬಿಳಿ ಹಿಟ್ಟು ಹತ್ತಿ, ಮುಟ್ಟಿದರೆ ಉದುರುವುದು ಇದರಿಂದಲೇ. ಇದಕ್ಕೆ ವಿರುದ್ಧವಾಗಿ ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯಿಂದಲೇ ನೀರು ಎಳೆದುಕೊಂಡು ಕೊನೆಗೆ ಅದರಲ್ಲೇ ಕರಗಿ ನೀರಾಗುತ್ತದೆ.

ಬಿಸಿಯೂ ಲೆಕ್ಕಕ್ಕೆ ಬರುತ್ತದೆ. ಸೋಡಿಯಂ ಸಲ್ಫೇಟ್ ದ್ರಾವಣದಿಂದ 32.4 ಡಿಗ್ರಿಗಿಂತ ಕೆಳಗೆ ಹತ್ತು ನೀರಿನ ಹರಳು ಬರುತ್ತದೆ, ಅದಕ್ಕಿಂತ ಮೇಲೆ ನೀರೇ ಇಲ್ಲದ ಹರಳು. ಅಡುಗೆ ಉಪ್ಪಿಗೆ ಹರಳಿನ ನೀರಿಲ್ಲ ಅಂತ ನಾವೆಲ್ಲ ಓದಿದ್ದೇವೆ, ಸರಿಯೇ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಉಪ್ಪುನೀರಿನಿಂದ ಎರಡು ನೀರಿನ ಉಪ್ಪಿನ ಹರಳೂ ಮೂಡುತ್ತದೆ. ಕಲ್ಲುಪ್ಪನ್ನು ಕಾಯಿಸಿದಾಗ ಚಟಪಟ ಸಿಡಿಯುವುದು ಮಾತ್ರ ಬೇರೆ ಸಂಗತಿ. ಅದು ಹರಳಿನ ಸಂದಿಯಲ್ಲಿ ಸಿಕ್ಕಿಬಿದ್ದ ನೀರಿನ ಹನಿ. ಅದಕ್ಕೆ ಲೆಕ್ಕವಿಲ್ಲ, ಸೂತ್ರದಲ್ಲಿ ಜಾಗವೂ ಇಲ್ಲ.

ನೀವೇ ಬಿಡಿಸಲು ಒಂದು ಲೆಕ್ಕ

ವಾಷಿಂಗ್ ಸೋಡಾದ ಹರಳುಗಳಿದ್ದ ಒಂದು ಬಟ್ಟಲನ್ನು ಮುಚ್ಚದೆ ಬಹಳ ದಿನ ಬಿಟ್ಟಿದ್ದಾರೆ. ಈಗ ಅದರಲ್ಲಿರುವುದು ಬಿಳಿ ಪುಡಿ, ತೂಕ 6.20 ಗ್ರಾಂ. ಮೂಸೆಯಲ್ಲಿ ಸ್ಥಿರ ತೂಕ ಬರುವವರೆಗೆ ಕಾಯಿಸಿದಾಗ 5.30 ಗ್ರಾಂ ಉಳಿಯಿತು. ಈ ಪುಡಿಯ ಸೂತ್ರ ಏನು? ಮೊದಲು ಬಟ್ಟಲಿನಲ್ಲಿ ಎಷ್ಟು ಹರಳಿತ್ತು?

ಪೆನ್ನು ಹಿಡಿದು ಮಾಡಿ, ಆಮೇಲೆ ಮುಂದೆ ಓದಿ.

ಉಳಿದದ್ದು ನಿರ್ಜಲ ಸೋಡಾ, 5.30 ÷ 106 = 0.05 ಮೋಲ್. ಹೋದ ನೀರು 0.90 ಗ್ರಾಂ, 0.90 ÷ 18 = 0.05 ಮೋಲ್. ಅನುಪಾತ ಒಂದಕ್ಕೊಂದು. ಹಾಗಾದರೆ ಪುಡಿ ಎನ್ಎ₂ಸಿಒ₃·ಎಚ್₂ಒ, ಮೊನೊಹೈಡ್ರೇಟ್. ಸೋಡಾ ಎಲ್ಲಿಗೂ ಹೋಗಿಲ್ಲ, ಅದೇ 0.05 ಮೋಲ್ ಮೊದಲೂ ಇತ್ತು. ಆಗ ಅದು ಡೆಕಾಹೈಡ್ರೇಟ್, 0.05 × 286 = 14.30 ಗ್ರಾಂ. ಪ್ರತಿ ಹತ್ತು ನೀರಿನಲ್ಲಿ ಒಂಬತ್ತು ಬಿಟ್ಟುಹೋಗಿವೆ. ಯಾರೂ ಕಾಯಿಸದೆ, ಯಾರೂ ಮುಟ್ಟದೆ, ಆ ಬಟ್ಟಲಿನಿಂದ 8.10 ಗ್ರಾಂ ನೀರು ಗಾಳಿಗೆ ಸೇರಿದೆ.